ಮಗಳಿಗೊಂದು ಕಷ್ಟ ಬೇಕಾಗಿದೆ

ಡಾಲಸ್ಸಿನ ಉತ್ತರಕ್ಕೆ ಪ್ಲೇನೋ, ಫ್ರಿಸ್ಕೋ, ಅಲೆನ್ ಅಂತ ಊರುಗಳಿವೆ. ಇಲ್ಲಿ ಮನೆ ಕೊಳ್ಳುವ ಕನ್ನಡಿಗರು ಮೊದಲು ಬಾಗಿಲು ಪೂರ್ವಕ್ಕಿದೆಯೇ ಅಂತ ನೋಡುತ್ತಾರೆ, ಆಮೇಲೆ ಆ ಮನೆ ಯಾವ ಹೈಸ್ಕೂಲಿಗೆ ಸೇರುತ್ತದೆ ಅಂತ. ಎರಡೂ ಕೂಡಿ ಬರದಿದ್ದರೆ ದಕ್ಷಿಣದ ಬಾಗಿಲಿಗೂ ಒಪ್ಪಿಯಾರು. ಬಾಗಿಲ ಮೇಲೊಂದು ಗಣಪತಿ ಕೂರಿಸಿದರೆ ದೋಷ ಕಳೆಯಿತು. ಸ್ಕೂಲಿನ ದೋಷಕ್ಕೆ ಗಣಪತಿಯ ಹತ್ತಿರವೂ ಪರಿಹಾರವಿಲ್ಲ. ವೆಬ್‌ಸೈಟಿನಲ್ಲಿ ಹತ್ತಕ್ಕೆ ಹತ್ತು ಅಂಕ ಬಂದಿರುವ ಸ್ಕೂಲೇ ಆಗಬೇಕು. ಒಂದು ರಸ್ತೆ ದಾಟಿದರೆ ಅದೇ ಅಳತೆಯ ಮನೆ, ಇನ್ನೂ ದೊಡ್ಡ ಹಿತ್ತಲು, ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ಆ ರಸ್ತೆಯಾಚೆ ಏಳು ಅಂಕದ ಸ್ಕೂಲು. ಏಳಂಕದ ಸ್ಕೂಲಿಗೆ ಮಗುವನ್ನು ಕಳಿಸುವುದಾದರೆ ಏಳು ಸಮುದ್ರ ದಾಟಿ ಬಂದದ್ದೇಕೆ?

ಹಾಗೆ ಕೊಂಡ ಮನೆಯಲ್ಲಿ ನಮ್ಮ ಮಗಳು ಬೆಳೆದು ಹನ್ನೆರಡನೇ ಕ್ಲಾಸಿಗೆ ಬಂದಳು. ಅದೇ ಬೇಸಿಗೆಯಲ್ಲಿ ಅರಸೀಕೆರೆಯಿಂದ ಮಾವನವರು ಆರು ತಿಂಗಳಿಗೆಂದು ಬಂದಿಳಿದರು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿ ನಿವೃತ್ತರಾದವರು. 1994ರಲ್ಲಿ ಸಿಇಟಿ ಶುರುವಾದ ಹೊಸತರಲ್ಲಿ ಮಗನನ್ನು ಕರೆದುಕೊಂಡು ಬೆಂಗಳೂರಿನ ರೈಲು ಹತ್ತಿ, ಕೌನ್ಸೆಲಿಂಗಿನಲ್ಲಿ ಕೂತು ಸೀಟು ಆರಿಸಿಕೊಟ್ಟವರು. ಅವರ ಪ್ರಕಾರ ಕಾಲೇಜು ಸೇರುವುದಕ್ಕೆ ಬೇಕಾದ್ದು ಮೂರೇ: ಒಂದು ಸಂಖ್ಯೆ, ಒಂದು ಡಿಡಿ, ಒಬ್ಬ ಅಪ್ಪ.

ನಮ್ಮನೆಯವರು ಅವರ ಮುಂದೆ ಲ್ಯಾಪ್‌ಟಾಪಿಟ್ಟು ಎಕ್ಸೆಲ್ ಶೀಟು ತೆರೆದರು. ಜಿಪಿಎ ಒಂದು ಕಾಲಂ. 1600ಕ್ಕೆ ಎಸ್‌ಎಟಿ ಒಂದು ಕಾಲಂ. ಐದೈದು ಅಂಕದ ಎಪಿ ಪರೀಕ್ಷೆಗಳು. ಇಬ್ಬರು ಟೀಚರುಗಳ ಶಿಫಾರಸು ಪತ್ರ. ಹತ್ತು ಚಟುವಟಿಕೆಗಳು. 650 ಪದದ ಪ್ರಬಂಧ. ಅದು ಸಾಲದೆಂಬಂತೆ ಒಂದೊಂದು ಕಾಲೇಜಿಗೂ ಬೇರೆಬೇರೆ ಮರಿಪ್ರಬಂಧಗಳು. ಮಾವ ಕನ್ನಡಕ ಏರಿಸಿಕೊಂಡು ಕೊನೆಯ ಕಾಲಂವರೆಗೂ ಓದಿದರು.

“ಎಲ್ಲಾ ಇದೆ. ರ‍್ಯಾಂಕೆಲ್ಲಿ?”

ಬೇರೆ ರಾಜ್ಯವಾಗಿದ್ದರೆ ‘ಇಲ್ಲಿ ಹಾಗೆಲ್ಲ ಇಲ್ಲಪ್ಪ’ ಅಂತ ಮಾತು ಮುಗಿಸಬಹುದಿತ್ತು. ನಾವಿರುವುದು ಟೆಕ್ಸಸ್. ಸೀಟು ಕೊಡುವಾಗ ಜನಾಂಗ ನೋಡಕೂಡದು ಅಂತ 1996ರಲ್ಲಿ ಫೆಡರಲ್ ಕೋರ್ಟೊಂದು ತೀರ್ಪು ಕೊಟ್ಟಿತು. ಮರುವರ್ಷವೇ ಶಾಸನಸಭೆ ಒಂದು ಕಾನೂನು ತಂದಿತು: ಸಾಹುಕಾರರ ಸ್ಕೂಲೋ ಬಡವರ ಸ್ಕೂಲೋ, ಯಾವುದೇ ಆಗಲಿ, ಅಲ್ಲಿ ಮೊದಲ ಶೇಕಡಾ 10ರೊಳಗೆ ಬಂದ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಖಚಿತ. ಎಲ್ಲರೂ ಆಸ್ಟಿನ್ನಿನ ಯೂನಿವರ್ಸಿಟಿಗೇ ನುಗ್ಗಿದ್ದರಿಂದ 2009ರಲ್ಲಿ ಅದೊಂದಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು. ಅಂದಿನಿಂದ ಅಲ್ಲಿನ ಗೆರೆ ಆಚೀಚೆ ಸರಿದರೂ ಒಟ್ಟಿನಲ್ಲಿ ಮೇಲೇರಿದೆ. ಈಚಿನವರೆಗೆ ಶೇಕಡಾ 6 ಇತ್ತು. 2026ರಲ್ಲಿ ಸೇರುವವರಿಗೆ, ಅಂದರೆ ಸರಿಯಾಗಿ ನಮ್ಮ ಮಗಳ ಸರದಿ ಬರುವ ಹೊತ್ತಿಗೆ, ಶೇಕಡಾ 5.

ಮಾವನ ಮುಖ ಅರಳಿತು. “ಇದಪ್ಪ ದೇಶ!” ಅಂದರು. ಬಂದಾಗಿನಿಂದ ಅವರು ಅಮೆರಿಕವನ್ನು ಹೊಗಳಿದ್ದು ಅದೇ ಮೊದಲು.

ನಮ್ಮನೆಯವರ ಮುಖ ಮಾತ್ರ ಬಾಡಿತ್ತು. ಸ್ಕೂಲಿನಲ್ಲಿ ಮಗಳ ತರಗತಿಯವರು ಸುಮಾರು 600. ಶೇಕಡಾ 5 ಅಂದರೆ 30 ಮಂದಿ. ಹತ್ತಕ್ಕೆ ಹತ್ತಂಕದ ಸ್ಕೂಲೆಂದು ನಾವು ಹೇಗೆ ಸಾಲ ಮಾಡಿ ಮನೆ ಕೊಂಡೆವೋ, ಹೈದರಾಬಾದಿನವರು, ಚೆನ್ನೈನವರು, ಶಾಂಘೈನವರು, ಸೋಲ್‌ನವರು ಎಲ್ಲರೂ ಹಾಗೇ ಕೊಂಡಿದ್ದಾರೆ. ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆದರೆ ಆ ಮೂವತ್ತರಲ್ಲಿ ಅರ್ಧಪಾಲಿನ ತಾಯಂದಿರು ನಮ್ಮ ಹಾಲಿನಲ್ಲೇ ಕೂತು, ಬಾಗಿನ ತಗೊಳ್ಳುತ್ತಾ, “ನಮ್ಮೋಳು ಏನೂ ಓದಲ್ಲ ಕಣ್ರೀ” ಅನ್ನುತ್ತಾರೆ. ನಾನೂ ಅನ್ನುತ್ತೇನೆ. ಯಾರೂ ಯಾರನ್ನೂ ನಂಬುವುದಿಲ್ಲ, ಆದರೆ ಎಲ್ಲರಿಗೂ ಕೋಸಂಬರಿ ಇಷ್ಟವಾಗುತ್ತದೆ.

ಬೇರೆ ಊರಿನ ಸಾಧಾರಣ ಸ್ಕೂಲಿಗೆ ಸೇರಿಸಿದ್ದರೆ ಇವಳು ಮೊದಲ ಹತ್ತರಲ್ಲಿರುತ್ತಿದ್ದಳು ಅಂತ ನಮ್ಮನೆಯವರು ಒಂದು ರಾತ್ರಿ ಲೆಕ್ಕ ಹಾಕಿದರು. ಆ ಆಸೆಗೆ ಮನೆ ಬದಲಿಸಿದವರೂ ಈ ರಾಜ್ಯದಲ್ಲಿದ್ದಾರೆ.

“ಹಂಗಾದ್ರೆ ಈ ಮನೆ ಯಾಕೋ ತಗೊಂಡೆ?” ಅಂದರು ಮಾವ.

“ಒಳ್ಳೇ ಸ್ಕೂಲು ಅಂತ ಅಪ್ಪ.”

ಮಾವ ಮತ್ತೆ ಮಾತಾಡಲಿಲ್ಲ. ಮೇಷ್ಟ್ರಾದವರಿಗೆ ಕೆಲವು ಉತ್ತರಗಳನ್ನು ತಿದ್ದದೆ ಹಾಗೇ ಬಿಟ್ಟು ಅಭ್ಯಾಸವಿರುತ್ತದೆ.

ಈ ರ‍್ಯಾಂಕು ಹುಟ್ಟುವ ಬಗೆಯನ್ನು ಹೇಳಬೇಕು, ಯಾಕೆಂದರೆ ನಮ್ಮನೆಯ ಶಾಂತಿ ಕದಡಿದ್ದು ಅದರಿಂದ. ಸಾಧಾರಣ ಕ್ಲಾಸಿನಲ್ಲಿ ಪೂರ್ತಿ ಅಂಕ ಬಂದರೆ 4. ಎಪಿ ಅನ್ನುವ ಕಾಲೇಜು ಮಟ್ಟದ ಕ್ಲಾಸಿನಲ್ಲಿ ಅಷ್ಟೇ ಅಂಕಕ್ಕೆ 5. ನಮ್ಮ ಮಗಳು ಸ್ಕೂಲಿನ ಆರ್ಕೆಸ್ಟ್ರಾದಲ್ಲಿ ವಯಲಿನ್ ನುಡಿಸುತ್ತಾಳೆ. ಆರ್ಕೆಸ್ಟ್ರಾ ಸಾಧಾರಣ ಕ್ಲಾಸು. ಸರಾಸರಿ 4.6 ಇರುವ ಹುಡುಗಿ ವಯಲಿನ್ನಿನಲ್ಲಿ ನೂರಕ್ಕೆ ನೂರು ತಗೊಂಡರೆ ಸರಾಸರಿ ಕೆಳಗಿಳಿಯುತ್ತದೆ. ಮಾವ ಇದನ್ನು ನಂಬಲಿಲ್ಲ. ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿದರು, ಇನ್ನೊಂದು ಸಲ ಮಾಡಿದರು, ಆಮೇಲೆ ಪೆನ್ಸಿಲ್ ಕೆಳಗಿಟ್ಟರು. “ಜಾಸ್ತಿ ತಗೊಂಡ್ರೆ ಕಮ್ಮಿಯಾಗೋ ಲೆಕ್ಕ ನಾನು ಮೂವತ್ತು ವರ್ಷದಲ್ಲಿ ಪಾಠ ಮಾಡಿಲ್ಲ.”

ವಯಲಿನ್ ಬಿಡು ಅಂತ ಅಪ್ಪ, ಬಿಡುವುದಿಲ್ಲ ಅಂತ ಮಗಳು. ಎಷ್ಟೋ ಮಕ್ಕಳು ಇದೇ ಲೆಕ್ಕಕ್ಕೆ ಬ್ಯಾಂಡು, ಚಿತ್ರಕಲೆ ಬಿಟ್ಟಿದ್ದಾರೆ. ಇವಳು ಬಿಡಲಿಲ್ಲ.

ಇಷ್ಟಾದರೂ ಸೀಟು ಬೇರೆ, ಬ್ರಾಂಚು ಬೇರೆ. ಗೆರೆಯೊಳಗೆ ಬಂದರೆ ಆಸ್ಟಿನ್ನಿನಲ್ಲಿ ಜಾಗವುಂಟು. ಕಂಪ್ಯೂಟರ್ ಸೈನ್ಸು ಬೇಕೆಂದರೆ ಅವರು ಮತ್ತೆ ‘ಇಡೀ ವ್ಯಕ್ತಿಯನ್ನು’ ನೋಡುತ್ತಾರಂತೆ. ಇಡೀ ವ್ಯಕ್ತಿ ಕಾಣಿಸುವುದು ಎಲ್ಲಿ? ಪ್ರಬಂಧದಲ್ಲಿ. ಅಲ್ಲಿಂದ ನಮ್ಮ ನಿಜವಾದ ಸಂಕಟ ಶುರುವಾಯಿತು.

ಕಾಮನ್ ಆ್ಯಪ್ ಅನ್ನುವ ಅರ್ಜಿ ಆಗಸ್ಟ್ 1ಕ್ಕೆ ತೆರೆಯುತ್ತದೆ. ಅದರಲ್ಲಿ ಕೊಟ್ಟಿರುವ ವಿಷಯಗಳಲ್ಲಿ ಒಂದು ಹೀಗಿದೆ: ನೀವು ಎದುರಿಸಿದ ಒಂದು ಅಡ್ಡಿ, ಹಿನ್ನಡೆ ಅಥವಾ ಸೋಲು, ಅದರಿಂದ ಕಲಿತದ್ದು. ಆಸ್ಟಿನ್ನಿನವರಿಗೂ ಪ್ರಬಂಧ ಬೇಕು. ನಾವು ಮೂವರೂ ಊಟದ ಮೇಜಿನ ಸುತ್ತ ಕೂತು ಮಗಳ ಮುಖ ನೋಡಿದೆವು. ಕಷ್ಟ ಅಂತ ಏನಾದರೂ ಇದೆಯೇ? ಹುಟ್ಟಿದಾಗಿನಿಂದ ಅವಳಿಗೆ ಕಷ್ಟ ತಾಗದ ಹಾಗೆ ನೋಡಿಕೊಳ್ಳುವುದನ್ನೇ ಒಂದು ಎರಡನೇ ಉದ್ಯೋಗದ ಹಾಗೆ ಮಾಡಿದವರು ನಾವು. ಮಳೆ ಬಂದರೆ ಸ್ಕೂಲಿನ ಬಾಗಿಲವರೆಗೆ ಕಾರು. ತಿಳಿಸಾರು ಸೇರದಿದ್ದರೆ ಪಾಸ್ತಾ. ಈಗ ಅದೇ ಮಗಳಿಗೆ ತುರ್ತಾಗಿ ಒಂದು ಕಷ್ಟ ಬೇಕಾಗಿದೆ, ಗಡುವಿನೊಳಗೆ, 650 ಪದಕ್ಕೆ ಸಾಲುವಷ್ಟು.

ನಮ್ಮನೆಯವರು ತಮ್ಮದನ್ನು ಕೊಡಲು ಮುಂದಾದರು. ಸೀಮೆಎಣ್ಣೆ ಬುಡ್ಡಿ, ಹಾಸ್ಟೆಲ್ಲಿನ ನೀರುಸಾರು, ಎರಡೇ ಪ್ಯಾಂಟು.

“ಅಪ್ಪ, ಅದು ನಿನ್ನ ಎಸ್ಸೇ. ಬೇಕಿದ್ರೆ ನೀನು ಅಪ್ಲೈ ಮಾಡು.”

ಮಾವನದು ಇನ್ನೂ ಹಳೆಯ ಸರಕು. ಓದುವಾಗ ವಾರಾನ್ನದ ಹುಡುಗ ಅವರು; ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಒಂದೊಂದು ದಿನ ಯಾರ ಮನೆಯೂ ಇಲ್ಲ. ಅವರು ಇದನ್ನು ಹೇಳುವಾಗ ಗಂಟಲು ಕಟ್ಟುತ್ತದೆ, ನಮಗೂ ಕಟ್ಟುತ್ತದೆ. ಮಗಳು ಕಣ್ಣರಳಿಸಿ ಕೇಳಿದಳು: “ವಾರದಲ್ಲಿ ಏಳು ಬೇರೆಬೇರೆ ಮನೆ ಊಟ, ದುಡ್ಡು ಕೊಡಂಗಿಲ್ಲ? ತಾತ, ಆಸ್ಟಿನ್ನಲ್ಲೂ ಇಂಥ ಮೀಲ್ ಪ್ಲಾನ್ ಇಲ್ಲ!”

ಆಮೇಲೆ ನಮ್ಮನೆಯವರು ಮೇಜು ಬಡಿದರು. “2021, ಫೆಬ್ರವರಿ! ಹಿಮ ಬಿದ್ದು ಕರೆಂಟು ಹೋಗಿರಲಿಲ್ವಾ? ನಲ್ಲಿ ಹೆಪ್ಪುಗಟ್ಟಿತ್ತು. ನಾಲ್ಕು ಕಂಬಳಿ ಹೊದ್ದು ಕೂತಿದ್ದೆ ನೀನು!” ಅಪ್ಪನಿಗೆ ಅಷ್ಟು ಸಂತೋಷ ಕೊಟ್ಟ ಆಪತ್ತನ್ನು ನಾನು ಬೇರೆ ಕಂಡಿಲ್ಲ. ಮಗಳು ತಲೆಯಾಡಿಸಿದಳು. ಆ ಚಳಿ ಟೆಕ್ಸಸ್ಸಿನ ಪ್ರತಿ ಮಗುವಿನ ಹತ್ತಿರವೂ ಇದೆ.

ಸಲಹೆ ಕೊಡುವವರೊಬ್ಬರನ್ನು ಗೊತ್ತುಮಾಡಿದೆವು. ಗಂಟೆಗಿಷ್ಟು ಅಂತ ಫೀಸು. ಅಜ್ಜ ಅಜ್ಜಿಯ ಬಗ್ಗೆ ಬರೆಯಬೇಡಿ, ವಲಸೆ ಬಂದ ಅಪ್ಪ ಅಮ್ಮನ ಬಗ್ಗೆ ಬೇಡ, ಭರತನಾಟ್ಯ ಬೇಡವೇ ಬೇಡ, ಓದುವವರಿಗೆ ಸಾಕಾಗಿದೆ ಅಂದರು. ಹಾಗಾದರೆ ಏನು ಬರೆಯಬೇಕು? “ಸಹಜವಾಗಿರಲಿ.” ನಮ್ಮ ಮಗಳಿಗೆ ಸಹಜವಾಗಿರುವುದನ್ನು ಹೇಳಿಕೊಡಲು ಅವರು ತಗೊಂಡ ದುಡ್ಡಿನಲ್ಲಿ ಒಂದು ಮೃದಂಗ ಬರುತ್ತಿತ್ತು.

ಭರತನಾಟ್ಯವನ್ನು ಚಟುವಟಿಕೆಯ ಪಟ್ಟಿಯಲ್ಲಾದರೂ ಹಾಕಲೇಬೇಕು. ಪಟ್ಟಿಯಲ್ಲಿ ಹತ್ತು ಸಾಲು, ಒಂದೊಂದರ ವಿವರಣೆಗೂ 150 ಅಕ್ಷರ. ರಂಗಪ್ರವೇಶ ಮಾಡಿಸಿದವರಿಗೆ ಅದರ ಅಳತೆ ಗೊತ್ತು: ಬೆಂಗಳೂರಿನಿಂದ ಬಂದ ಪಕ್ಕವಾದ್ಯದವರು, ಕಂಚಿಯಲ್ಲಿ ನೇಯಿಸಿದ ರೇಷ್ಮೆ, ಬಾಡಿಗೆ ಆಡಿಟೋರಿಯಂ, ಬಂದವರಿಗೆಲ್ಲ ಹೋಳಿಗೆ ಊಟ. ಎಲ್ಲವನ್ನೂ 150 ಅಕ್ಷರಕ್ಕೆ ಮಡಚಬೇಕು. ನಮ್ಮನೆಯವರು ಸೀರೆಯ ಬಣ್ಣ ಬಿಡಲು ಒಪ್ಪಲಿಲ್ಲ, ದುಡ್ಡು ಕೊಟ್ಟವರು ಅವರು. ಪದಗಳ ನಡುವಿನ ಜಾಗವನ್ನೂ ಅಕ್ಷರವೆಂದೇ ಎಣಿಸುತ್ತಾರೆ ಎಂದು ತಿಳಿದಾಗ ಮಾವ, “ಖಾಲಿ ಜಾಗಕ್ಕೂ ಕಂದಾಯವಾ?” ಅಂದರು.

ಷಿಕಾಗೋ ಯೂನಿವರ್ಸಿಟಿಯವರು ಹಿಂದೊಮ್ಮೆ ಎಕ್ಸ್ ಕಂಡುಹಿಡಿಯಿರಿ ಅನ್ನುವುದನ್ನೇ ಪ್ರಬಂಧದ ಪ್ರಶ್ನೆಯಾಗಿ ಕೊಟ್ಟಿದ್ದರು. ಹಳೆಯ ಪ್ರಶ್ನೆಗಳ ಪಟ್ಟಿಯಲ್ಲಿ ಅದು ಮಾವನ ಕಣ್ಣಿಗೆ ಬಿದ್ದು, ತಮ್ಮದೇ ವಿಷಯ ಬಂತೆಂದು ಪೆನ್ಸಿಲ್ ಹಿಡಿದರು. ಸಮೀಕರಣ ಎಲ್ಲಿ ಅಂತ ಪುಟ ಹಿಂದೆ ಮುಂದೆ ಮಾಡಿದರು. ಸಮೀಕರಣ ಇರಲಿಲ್ಲ. ಅಂಥ ಕಾಲೇಜಿಗೆ ಮೊಮ್ಮಗಳು ಹೋಗಕೂಡದು ಅಂತ ಅವತ್ತೇ ತೀರ್ಮಾನವಾಯಿತು, ನಮ್ಮನೆಯವರು ಆಮೇಲೆ ಸೇರಿಸಿದ್ದ ಫೀಸಿನ ಕಾಲಂ ನೋಡುವುದಕ್ಕೆ ಮೊದಲೇ. ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಊಟ ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಮಾವ ಅದನ್ನು ಬಾಯಲ್ಲೇ ರೂಪಾಯಿ ಮಾಡಿದರು. “ಎಪ್ಪತ್ತು ಲಕ್ಷದ ಹತ್ತಿರ. ನಾಲ್ಕೂ ವರ್ಷಕ್ಕಾ?” ಒಂದು ವರ್ಷಕ್ಕೆ ಅಂದೆವು. ಸಂಜೆ ಊರಿಗೆ ಫೋನ್ ಮಾಡಿ ಕೊಬ್ಬರಿ ಧಾರಣೆ ವಿಚಾರಿಸಿದರು.

ಆ ದುಡ್ಡು ಕಟ್ಟುವವರಿಗೆ ಮಾರ್ಕ್ಸ್ ಕಾರ್ಡು ನೋಡುವ ಹಕ್ಕಿಲ್ಲ ಅನ್ನುವುದು ಮಾವನಿಗೆ ಗೊತ್ತಾದದ್ದು ಆಮೇಲೆ. 1974ರ ಕಾನೂನಿನ ಪ್ರಕಾರ ಕಾಲೇಜಿಗೆ ಸೇರಿದ ಮಗುವಿನ ಅಂಕಗಳು ಮಗುವಿನ ಸ್ವತ್ತು. ಅಪ್ಪ ಅಮ್ಮ ಕೇಳಿದರೆ ಕಾಲೇಜಿನವರು ಸಾಮಾನ್ಯವಾಗಿ ನಿಮ್ಮ ಮಗಳನ್ನೇ ಕೇಳಿ ಅನ್ನುತ್ತಾರೆ. “ಮತ್ತೆ ಅಪ್ಪನ ಸೈನು?” ಸೈನಿಲ್ಲ. ಖೋಟಾ ಸೈನು ಹಿಡಿಯುವುದರಲ್ಲಿ ಇಡೀ ತಾಲ್ಲೂಕಿಗೆ ಹೆಸರಾಗಿದ್ದವರು ಅವರು. ಒಂದು ವಿದ್ಯೆಯೇ ಇಲ್ಲಿ ದಂಡವಾಯಿತು.

ನವೆಂಬರ್ 1 ನಮಗೆ ಕನ್ನಡ ರಾಜ್ಯೋತ್ಸವ. ಎಷ್ಟೋ ಕಾಲೇಜುಗಳಿಗೆ ಅದು ಮುಂಗಡ ಅರ್ಜಿಯ ಕೊನೆಯ ದಿನ. 2025ರಲ್ಲಿ ಅದು ಶನಿವಾರವೇ ಬಂದು, ಕನ್ನಡ ಸಂಘದ ಕಾರ್ಯಕ್ರಮವೂ ಅವತ್ತೇ ಬಿತ್ತು. ವೇದಿಕೆಯ ಮೇಲೆ ಭುವನೇಶ್ವರಿಗೆ ಆರತಿ ನಡೆಯುತ್ತಿದ್ದರೆ ಹಿಂದಿನ ಸಾಲಿನಲ್ಲಿ ಹನ್ನೆರಡನೇ ಕ್ಲಾಸಿನ ತಂದೆಯರೆಲ್ಲ ಫೋನಿನ ಬೆಳಕಿನಲ್ಲಿ ನೀಲಿಯಾಗಿ ಕೂತಿದ್ದರು. ನಮ್ಮ ಮಗಳು ಸಮೂಹ ನೃತ್ಯದ ಕೆಂಪು ಹಳದಿ ಸೀರೆಯಲ್ಲೇ ಗ್ರೀನ್ ರೂಮಿನ ನೆಲದ ಮೇಲೆ ಲ್ಯಾಪ್‌ಟಾಪಿಟ್ಟುಕೊಂಡು ಪರ್ಡ್ಯೂ ಯೂನಿವರ್ಸಿಟಿಗೆ ಅರ್ಜಿ ಕಳಿಸಿದಳು. ಊಟದ ಸಾಲಿನಲ್ಲಿ ಯಾರೋ “ಎಲ್ಲೆಲ್ಲಿಗೆ ಹಾಕಿದ್ಲು?” ಅಂದಾಗ ನಾನು “ಇನ್ನೂ ಏನೂ ಯೋಚನೆ ಮಾಡಿಲ್ಲ ಕಣ್ರೀ” ಅಂತ ಬಿಸಿಬೇಳೆ ಬಾತಿಗೆ ಬೂಂದಿ ಹಾಕಿಕೊಂಡೆ.

ಪ್ರಬಂಧ? ಹಾಂ, ಕಷ್ಟ ಸಿಕ್ಕಿತು. ಸ್ಕೂಲು ತೆರೆದ ಹೊಸತರಲ್ಲಿ ರ‍್ಯಾಂಕು ಬಂತು: 34. ಹಳೆಯ ಶೇಕಡಾ 6 ಇದ್ದಿದ್ದರೆ ಗೆರೆ 36ಕ್ಕೆ ನಿಂತು ಇವಳು ಒಳಗಿರುತ್ತಿದ್ದಳು. ಹೊಸ ಗೆರೆ 30ಕ್ಕೆ. ವಯಲಿನ್ ಬಿಟ್ಟಿದ್ದರೆ ಆ ನಾಲ್ಕು ಮೆಟ್ಟಿಲು ಹತ್ತುತ್ತಿದ್ದಳು ಅಂತ ಎಕ್ಸೆಲ್ ಶೀಟು ಹೇಳಿತು. ಮಗಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹೊರಗೆ ನಮ್ಮನೆಯವರು ಪಿಸುಗುಟ್ಟಿದರು: “ಅಳ್ತಿದಾಳೆ ಕಣೇ. ಇದನ್ನೇ ಬರೀಬಹುದಲ್ಲ?” ನಾನು ನೋಡಿದ ನೋಟಕ್ಕೆ ಅವರು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದರು. ಆದರೆ ಅವಳು ಬರೆದದ್ದು ಅದನ್ನೇ. ನಮಗೆ ಓದಲು ಕೊಡಲಿಲ್ಲ. ತಾತನಿಗೆ ಓದಿ ಹೇಳಿದಳು, ಕ್ಯಾಲೆಂಡರಿನ ಹಿಂದಿನ ಲೆಕ್ಕ ಅದರಲ್ಲಿ ಬರುತ್ತದಂತೆ.

ಆಸ್ಟಿನ್ನಿನ ಉತ್ತರಕ್ಕೆ ಕಾಯುತ್ತಾ ನಾವು ಒಣಗುತ್ತಿದ್ದಾಗ ಮಾವ ಒಂದು ದಿನ ಕೇಳಿದರು: “ಈ ಐದರ ಲೆಕ್ಕ ಆಸ್ಟಿನ್ನಿಗೆ ಮಾತ್ರ ಅಂದ್ರಲ್ಲ, ಬಾಕಿಯವಕ್ಕೆ?” ಬಾಕಿಯವಕ್ಕೆ ಹತ್ತೇ ಇದೆ ಮಾವ, ಟೆಕ್ಸಸ್ ಎ ಆ್ಯಂಡ್ ಎಂನಲ್ಲಿ ಇವಳಿಗೆ ಸೀಟು ಹೇಗೂ ಉಂಟು, ವಿಭಾಗವೊಂದು ಗೊತ್ತಾಗಬೇಕು ಅಷ್ಟೆ ಅಂದೆ. ಅವರು ನನ್ನನ್ನು, ಮಗನನ್ನು, ಮತ್ತೆ ನನ್ನನ್ನು ನೋಡಿದರು. ಸೀಟು ಇಟ್ಟುಕೊಂಡು ನಾಲ್ಕು ತಿಂಗಳು ಮನೆಯಲ್ಲಿ ಸೂತಕದ ಹಾಗೆ ಇದ್ದವರನ್ನು ಅವರು ನೋಡಿರಲಿಲ್ಲ. ಆ ಯೂನಿವರ್ಸಿಟಿ ಇರುವ ಊರಿನ ಹೆಸರು ಕಾಲೇಜ್ ಸ್ಟೇಷನ್, ಹಿಂದೆ ಕಾಲೇಜಿನ ಹತ್ತಿರ ರೈಲು ನಿಲ್ಲುತ್ತಿದ್ದುದರಿಂದ ಬಂದ ಹೆಸರು ಅಂತ ತಿಳಿದ ಮೇಲಂತೂ ಜಂಕ್ಷನ್ನಿನ ಊರಿನ ಮನುಷ್ಯನಿಗೆ ಬೇರೆ ಕಾಲೇಜೇ ಬೇಡವಾಯಿತು. ತಕ್ಷಣ ಅರಸೀಕೆರೆಗೆ ಫೋನು ಮಾಡಿದರು. ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಸಂಜೆಯೊಳಗೆ ಮಗಳ ರಂಗಪ್ರವೇಶದ ಫೋಟೋ, ಸುತ್ತ ಹೂವಿನ ಚಿತ್ರ, ಕೆಳಗೆ ದೊಡ್ಡಕ್ಷರ: ‘ಅಮೆರಿಕಕ್ಕೇ 34ನೇ ರ‍್ಯಾಂಕ್, ಅರಸೀಕೆರೆಗೆ ಹೆಮ್ಮೆ.’

ನಮ್ಮನೆಯವರು ಗಾಬರಿಯಾಗಿ, “ಅಪ್ಪ, ಇದು ಸುಳ್ಳಲ್ವಾ? ಅದು ಸ್ಕೂಲಿನ ರ‍್ಯಾಂಕು!” ಅಂದರು.

“ನಾನು 34 ಅಂತ ಮಾತ್ರ ಅಂದೆ. ಎಲ್ಲಿಗೆ ಅಂತ ಅವರು ಕೇಳ್ಲಿಲ್ಲ” ಅಂದರು ಮಾವ. “ಖಾಲಿ ಜಾಗ ಅವರೇ ತುಂಬ್ಕೊಂಡ್ರು.”