ಕುವೆಂಪು ಏಳು, ಬೇಂದ್ರೆ ಏಳು

ಕುವೆಂಪು ದೊಡ್ಡವರೋ ಬೇಂದ್ರೆ ದೊಡ್ಡವರೋ ಎಂಬ ವಾದಕ್ಕೆ ನಮ್ಮ ಬಡಾವಣೆಯ ವಾಚನಾಲಯದ ಕಂಪ್ಯೂಟರು ತೀರ್ಪು ಕೊಟ್ಟಾಗಿದೆ. ಇಬ್ಬರೂ ಏಳು. ವಿಮರ್ಶಕರು ಇನ್ನು ಬೇರೆ ಕೆಲಸ ನೋಡಿಕೊಳ್ಳಬಹುದು.

ಬ್ಯಾಂಕಿನಿಂದ ನಿವೃತ್ತಳಾದವಳಿಗೆ ಕಂಪ್ಯೂಟರು ಬಂದೇ ಬರುತ್ತದೆ ಎಂಬುದು ವಾಚನಾಲಯದ ಕಾರ್ಯದರ್ಶಿಗಳ ನಂಬಿಕೆ. ಅದನ್ನು ಕೆಡಿಸಲು ನನಗೂ ಮನಸ್ಸಿರಲಿಲ್ಲ. ಹಳೆಯ ವಿಂಡೋಸ್ ಕಂಪ್ಯೂಟರಿಗೆ ವಯಸ್ಸಾಗಿತ್ತು. ಯಾರೋ ಪುಣ್ಯಾತ್ಮರು ಕೊಟ್ಟ ಇನ್ನೊಂದಕ್ಕೆ ಉಬುಂಟು ಲಿನಕ್ಸ್ ಹಾಕಿದ್ದರು, ಅದಕ್ಕೆ ದುಡ್ಡು ಕೊಡಬೇಕಿಲ್ಲ ಎಂಬ ಒಂದೇ ಕಾರಣಕ್ಕೆ. ಪುಸ್ತಕಗಳ ಪಟ್ಟಿಯಿದ್ದ ಮೈಎಸ್‌ಕ್ಯುಎಲ್ ಡೇಟಾಬೇಸನ್ನು ಅಲ್ಲಿಂದ ಇಲ್ಲಿಗೆ ಸಾಗಿಸಬೇಕು. "ಕಾಪಿ ಪೇಸ್ಟ್ ತಾನೇ ಮೇಡಂ?" ಅಂದರು. "ಅಷ್ಟೇ ಸಾರ್" ಅಂದೆ. ಆ 'ಅಷ್ಟೇ'ಯನ್ನು ನಾನು ಎಂಥ ಗತ್ತಿನಲ್ಲಿ ಹೇಳಿದೆ ಎಂದರೆ, ಪಕ್ಕದಲ್ಲಿದ್ದ ಖಜಾಂಚಿಗಳು ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಈ ಮೈಎಸ್‌ಕ್ಯುಎಲ್ ಸರ್ವರು ಏಳುವಾಗ ಮೊದಲು ಮಾಡುವ ಕೆಲಸ ಒಂದು ಸೆಟ್ಟಿಂಗ್ ಫೈಲನ್ನು ಹುಡುಕಿ ಓದುವುದು. ಎಷ್ಟು ಮೆಮೊರಿ, ಯಾವ ಫೋಲ್ಡರು, ಯಾವ ಲಿಪಿ, ಎಲ್ಲ ಅದರಲ್ಲಿರುತ್ತದೆ. ವಿಂಡೋಸಿನಲ್ಲಿ ಅದರ ಹೆಸರು ಮೈ ಡಾಟ್ ಐಎನ್‌ಐ. ಅದು ಪ್ರೋಗ್ರಾಂಡೇಟಾ ಎಂಬ ಫೋಲ್ಡರಿನೊಳಗಿರುತ್ತದೆ, ಆ ಫೋಲ್ಡರನ್ನೇ ವಿಂಡೋಸ್ ಬಚ್ಚಿಟ್ಟಿರುತ್ತದೆ. ಲಿನಕ್ಸಿನಲ್ಲಿ ಹೆಸರು ಮೈ ಡಾಟ್ ಸಿಎನ್‌ಎಫ್. ಇಲ್ಲಿ ಒಂದೇ ಕಡೆ ಇಡುವ ಪದ್ಧತಿಯಿಲ್ಲ. ಅದರ ಬದಲು ಇಟಿಸಿ ಫೋಲ್ಡರಿನಲ್ಲೊಂದು, ಅದರೊಳಗಿನ ಮೈಎಸ್‌ಕ್ಯುಎಲ್ ಫೋಲ್ಡರಿನಲ್ಲೊಂದು, ನಮ್ಮ ಸ್ವಂತ ಫೋಲ್ಡರಿನಲ್ಲೊಂದು ಎಂದು ಹಲವು ಕಡೆ ಇರಬಹುದು. ಸರ್ವರು ಸಿಕ್ಕಿದ್ದನ್ನೆಲ್ಲ ಸಾಲಾಗಿ ಓದುತ್ತದೆ. ಎರಡು ಫೈಲು ಒಂದೇ ವಿಷಯಕ್ಕೆ ಎರಡು ಮಾತು ಹೇಳಿದರೆ ಕೊನೆಯಲ್ಲಿ ಓದಿದ್ದೇ ಸರಿ. ಮದುವೆ ಮಾತುಕತೆಯಲ್ಲಿ ಎಲ್ಲ ಮುಗಿದ ಮೇಲೆ ಬಾಯಿಬಿಟ್ಟ ಸೋದರತ್ತೆಯ ಮಾತೇ ನಿಲ್ಲುವುದನ್ನು ಕಂಡಿದ್ದ ನನಗೆ ಇದು ಥಟ್ಟನೆ ತಲೆಗೆ ಹೋಯಿತು.

ತಲೆಗೆ ಹೋಗದ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ವಿಂಡೋಸಿನ ಫೈಲಿನಲ್ಲಿ ಡಿ ಡ್ರೈವಿನ 'ನಿಧಿ' ಎಂಬ ಫೋಲ್ಡರಿನ ದಾರಿಯನ್ನು ಒಂದೇ ಬ್ಯಾಕ್‌ಸ್ಲ್ಯಾಶ್ ಹಾಕಿ ಇಂಗ್ಲಿಷಿನಲ್ಲಿ ಬರೆದರೆ, ಸ್ಲ್ಯಾಶೂ ನಿಧಿಯ ಎನ್ ಅಕ್ಷರವೂ ಸೇರಿ 'ಹೊಸ ಸಾಲು' ಎಂದಾಗುತ್ತದೆ. ನಿಧಿ ಮಾಯ. ನಮ್ಮ ಸಂಘಕ್ಕೆ ನಿಧಿ ಮಾಯವಾಗುವುದು ಹೊಸದೇನಲ್ಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಟೇಬಲ್ಲಿನ ಹೆಸರಿನಲ್ಲಿ ದೊಡ್ಡ 'ಪಿ', ಚಿಕ್ಕ 'ಪಿ' ಎರಡೂ ವಿಂಡೋಸಿಗೆ ಒಂದೇ, ಅದು ಎಲ್ಲವನ್ನೂ ಚಿಕ್ಕದು ಮಾಡಿ ಇಟ್ಟುಕೊಳ್ಳುತ್ತದೆ. ಲಿನಕ್ಸಿಗೆ ಅವೆರಡೂ ಬೇರೆ ಬೇರೆ ಟೇಬಲ್ಲು. ಮ್ಯಾಕ್ ನಾವು ಬರೆದ ಹಾಗೆ ಇಟ್ಟುಕೊಂಡು, ಹುಡುಕುವಾಗ ಮಾತ್ರ ಭೇದ ಮಾಡುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಮ್ಯಾಕ್ ಇಟ್ಟುಕೊಂಡು ಕೂತಿರುವ ನನ್ನ ತಂಗಿಯ ಮಗ ಫೋನಿನಲ್ಲಿ ಪ್ರತಿ ಸಲವೂ ಹೇಳುತ್ತಿದ್ದ: "ನನ್ನಲ್ಲಿ ಸರಿಯಾಗೇ ಬರ್ತಿದೆಯಲ್ಲ ದೊಡ್ಡಮ್ಮ!" ಜಗತ್ತಿನ ಅತ್ಯಂತ ನಿರುಪಯುಕ್ತ ವಾಕ್ಯಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ.

ನಾನು ವಿಂಡೋಸಿನ ಫೈಲನ್ನು ಅನಾಮತ್ತಾಗಿ ಎತ್ತಿ ಲಿನಕ್ಸಿನ ಇಟಿಸಿಗೆ ತಂದಿಟ್ಟೆ. ಬರೆಯಲು ಅನುಮತಿ ಇಲ್ಲ, ಓದಲು ಅನುಮತಿ ಇಲ್ಲ ಎಂಬ ಕಿರಿಕಿರಿ ಬೇಡವೆಂದು, ಉದಾರ ಮನಸ್ಸಿನಿಂದ ಅದಕ್ಕೆ 777 ಕೊಟ್ಟೆ. ಅಂದರೆ ಯಾರು ಬೇಕಾದರೂ ಓದಬಹುದು, ಯಾರು ಬೇಕಾದರೂ ಬರೆಯಬಹುದು. ಸರ್ವರು ಸಲೀಸಾಗಿ ಎದ್ದಿತು. ಜೊತೆಗೆ ಒಂದು ಸಣ್ಣ ಸಾಲು ಉದುರಿಸಿತು: ಈ ಫೈಲಿನಲ್ಲಿ ಎಲ್ಲರೂ ಬರೆಯಬಹುದಾಗಿದೆ, ಆದ್ದರಿಂದ ಇದನ್ನು ಕಡೆಗಣಿಸಲಾಗಿದೆ. ನನಗೆ ರೋಮಾಂಚನವಾಯಿತು. ಎಲ್ಲರೂ ಕೈಹಾಕಿದ ದಾಖಲೆಯನ್ನು ತಾನು ನಂಬುವುದಿಲ್ಲ ಎನ್ನುವ ಇಂಥ ಸ್ವಾಭಿಮಾನ ನಮ್ಮ ಸಂಘದ ಇತಿಹಾಸದಲ್ಲೇ ಕಂಡಿದ್ದಿಲ್ಲ. ಗೌರವ ಸಲ್ಲಿಸುವ ಸಲುವಾಗಿ 777 ತೆಗೆದು 644 ಮಾಡಿದೆ: ಬರೆಯಲು ಒಡೆಯನೊಬ್ಬ, ಓದಲು ಎಲ್ಲರೂ. ಆಗ ಸರ್ವರು ಫೈಲನ್ನು ಮನಸ್ಸಿಟ್ಟು ಓದಿತು, ಓದಿ ಏಳಲು ನಿರಾಕರಿಸಿತು. ಕ್ವೆರಿ ಕ್ಯಾಶ್ ಎಂಬ ಸೌಲಭ್ಯವನ್ನು 8.0 ಆವೃತ್ತಿಯಲ್ಲಿ ತೆಗೆದೇ ಹಾಕಿದ್ದಾರೆ, ಅದರ ಹಳೆಯ ಸಾಲು ಫೈಲಿನಲ್ಲಿ ಕಂಡರೆ ಸರ್ವರು ಏಳುವುದಿಲ್ಲ. ಅದನ್ನು ಅಳಿಸಿದೆ. ಡಿ ಡ್ರೈವನ್ನು ಅಳಿಸಿದೆ. ಎದ್ದಿತು. ಪುಸ್ತಕಗಳ ಪಟ್ಟಿಯನ್ನು ತುಂಬಿ, ಕಪ್ಪು ಪರದೆಯಲ್ಲಿ ತೆರೆದೆ.

ಪರದೆಯ ತುಂಬ ಪ್ರಶ್ನೆ ಚಿಹ್ನೆಗಳು.

ಪುಟಗಳ ಸಂಖ್ಯೆ, ಬೆಲೆ, ಇಸವಿ ನೆಟ್ಟಗಿದ್ದವು. ಲೇಖಕರ ಕಡೆ ಪ್ರಶ್ನೆ, ಪುಸ್ತಕದ ಕಡೆ ಪ್ರಶ್ನೆ. ಬುದ್ಧಿ ಇದ್ದವರು ಇಲ್ಲಿ ತಂಗಿಯ ಮಗನಿಗೆ ಫೋನು ಮಾಡುತ್ತಾರೆ. ನಾನು ಒಂದು ನೋಟ್‌ಬುಕ್ಕು ತೆಗೆದೆ. ಏಕೆಂದರೆ ಎಲ್ಲ ಸಾಲಿನಲ್ಲೂ ಪ್ರಶ್ನೆಗಳು ಸಮವಾಗಿರಲಿಲ್ಲ! ಕಂಪ್ಯೂಟರು ಕನ್ನಡವನ್ನು ಬಿಡಿಬಿಡಿಯಾಗಿ ಎಣಿಸುತ್ತದೆ: ಕ ಒಂದು, ಅದರ ಕೊಂಬು ಒಂದು, ವ ಒಂದು, ಎತ್ವ ಒಂದು, ಸೊನ್ನೆ ಒಂದು, ಪ ಒಂದು, ಅದರ ಕೊಂಬು ಒಂದು. ಕುವೆಂಪು ಏಳು. ಒಂದೊಂದಕ್ಕೂ ಒಂದೊಂದು ಪ್ರಶ್ನೆ. ಅಂದಮೇಲೆ ಪ್ರಶ್ನೆ ಎಣಿಸಿದರೆ ಲೇಖಕರನ್ನು ಹಿಡಿಯಬಹುದು. ಅಂದಿನಿಂದ ನಾನು ಊಟ ಮಾಡುವಾಗಲೂ ಜ್ಞಾನಪೀಠದವರನ್ನು ಬೆರಳಲ್ಲಿ ಎಣಿಸತೊಡಗಿದೆ. ಕಾರಂತ ಐದು. ಗೋಕಾಕ ಐದು. ಕಂಬಾರ ಐದು. ಮಾಸ್ತಿ ಆರು. ಅನಂತಮೂರ್ತಿ ಹತ್ತು, ಯಾರ ಜೊತೆಗೂ ಸೇರುವುದಿಲ್ಲ. ಕಾರ್ನಾಡ ಎಂದು ಬರೆದರೆ ಏಳು, ಕಾರ್ನಾಡ್ ಎಂದರೆ ಎಂಟು. ಐದರ ಮುಂದೆ ಎಂಟು-ಏಳು ಇದ್ದರೆ 'ಮೂಕಜ್ಜಿಯ ಕನಸುಗಳು', ನಾಲ್ಕು-ನಾಲ್ಕು ಇದ್ದರೆ 'ಚೋಮನ ದುಡಿ'. ಹತ್ತರ ಮುಂದೆ ಏಳು ಇದ್ದರೆ 'ಸಂಸ್ಕಾರ'. ಭೈರಪ್ಪನವರ 'ಪರ್ವ'ವೂ ನಾಲ್ಕು, 'ದಾಟು'ವೂ ನಾಲ್ಕು. ಪುಟಗಳ ಸಂಖ್ಯೆ ನೋಡಿ ತೀರ್ಮಾನಿಸಿದೆ. ತೇಜಸ್ವಿ ಏಳು, 'ಕರ್ವಾಲೊ' ಏಳು. ಏಳರ ಮುಂದೆ ಏಳು ಸಾಲುಗಟ್ಟಿದ್ದನ್ನು ಕಂಡು ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಪ್ಪನ ಲೆಕ್ಕಕ್ಕೆ ಸರಿಯಾಗಿ ನಿಂತ ಮಗ!

ಚಪ್ಪಾಳೆ ಕೇಳಿ ಯಜಮಾನರು ಬಂದರು. ಅವರು ಧಾರವಾಡದವರು. ನಾನು ತೀರ್ಥಹಳ್ಳಿ ಕಡೆಯವಳು. ಮದುವೆಯಾದಾಗಿನಿಂದ ನಮ್ಮ ಮನೆಯ ಏಕೈಕ ಬಗೆಹರಿಯದ ವ್ಯಾಜ್ಯ ಯಾವುದೆಂದು ಬೇರೆ ಹೇಳಬೇಕಿಲ್ಲ.

"ಬೇಂದ್ರೆ ಎಷ್ಟು?" ಅಂದರು.

ಬ, ಏತ್ವ, ಸೊನ್ನೆ, ದ, ದಕಾರವನ್ನು ಅರ್ಧ ಮಾಡುವ ಹಲಂತ, ರ, ಎತ್ವ. "ಏಳು."

"ಕುವೆಂಪು?"

"ಏಳು."

ಅವರ ಮುಖ ಸಣ್ಣದಾಯಿತು. "ಹಂಗಲ್ಲ. ಅಂಬಿಕಾತನಯದತ್ತ ಅಂತ ಬರಕೋ. ಎಷ್ಟಾಗ್ತದ ನೋಡು."

ಎಣಿಸಿದೆ. ಹದಿಮೂರು. ಅವರು ಕುರ್ಚಿ ಎಳೆದುಕೊಂಡು ಕೂತರು. ನಾನೂ ಬಿಡುವವಳಲ್ಲ. "ಹಾಗಾದರೆ ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಅಂತ ಬರೀತೀನಿ." ಒಂಬತ್ತು, ಎಂಟು, ಎಂಟು: ಇಪ್ಪತ್ತೈದು. ಅವರು ನೋಟ್‌ಬುಕ್ಕು ಕಿತ್ತುಕೊಂಡು, ಕನ್ನಡಕ ಒರೆಸಿಕೊಂಡು, ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂದು ಬಿಡಿಸಿ ಬಿಡಿಸಿ ಬರೆದರು. ಹತ್ತು. ಎಂಟು. ಏಳು. ಮೇಲಿಂದ ಕೆಳಕ್ಕೆ ಕೂಡಿದರು, ಕೆಳಗಿಂದ ಮೇಲಕ್ಕೆ ಕೂಡಿದರು. ಎರಡು ಕಡೆಯಿಂದಲೂ ಇಪ್ಪತ್ತೈದೇ. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂಬದವರು ಪೆನ್ನು ಹಿಡಿದು ಎಣಿಸಿ ನೋಡಬಹುದು.

ಕೊನೆಗೆ ಯಜಮಾನರೇ ತಂಗಿಯ ಮಗನಿಗೆ ಫೋನು ಮಾಡಿದರು, ಮೂರನೆಯ ತೀರ್ಪುಗಾರ ಬೇಕೆಂದು. ಅವನಿಗೆ ಕವಿಗಳಲ್ಲಿ ಆಸಕ್ತಿಯಿರಲಿಲ್ಲ. "ದೊಡ್ಡಮ್ಮ, ಫೈಲಲ್ಲಿ ಕ್ಲೈಂಟ್ ಅಂತ ಇದೆಯಲ್ಲ, ಅದರ ಕೆಳಗೆ ಏನಿದೆ ಓದಿ." ಲ್ಯಾಟಿನ್1 ಎಂದಿತ್ತು. ಹಿಂದೆ ಯಾರೋ ಬರೆದಿಟ್ಟಿದ್ದು. ಪಶ್ಚಿಮ ಯುರೋಪಿನ ಅಕ್ಷರಗಳಿಗಷ್ಟೇ ಜಾಗವಿರುವ ಲಿಪಿಕೋಷ್ಟಕ ಅದು. ಅದರಲ್ಲಿ ಹಿಡಿಸದ ಅಕ್ಷರ ಕಂಡರೆ ಸರ್ವರು ಒಂದು ಪ್ರಶ್ನೆ ಚಿಹ್ನೆ ಇಟ್ಟು ಮುಂದೆ ಹೋಗುತ್ತದೆ. 1995ರಲ್ಲಿ ಮೊದಲು ಹೊರಬಂದ ಮೈಎಸ್‌ಕ್ಯುಎಲ್ ಹುಟ್ಟಿದ್ದು ಸ್ವೀಡನ್ನಿನ ಕಂಪನಿಯೊಂದರಲ್ಲಿ. 2018ರಲ್ಲಿ 8.0 ಬರುವವರೆಗೂ, ಬೇರೆ ಹೇಳದಿದ್ದರೆ ಅದರ ಲಿಪಿ ಲ್ಯಾಟಿನ್1, ಅಕಾರಾದಿ ಸ್ವೀಡಿಷ್. ಅವರ ಊರಿಗೆ ಅದು ಸಾಕಿತ್ತು, ಅದರಲ್ಲಿ ಅವರ ತಪ್ಪೇನಿಲ್ಲ. 8.0ಕ್ಕೆ ಕನ್ನಡ ತಾನಾಗಿಯೇ ಬರುತ್ತದೆ. ಅಂದರೆ 777ರ ಕಾಲದಲ್ಲಿ, ಸರ್ವರು ನನ್ನ ಫೈಲನ್ನು ಕಡೆಗಣಿಸಿದ್ದಷ್ಟು ಹೊತ್ತು ಕನ್ನಡ ಕ್ಷೇಮವಾಗಿತ್ತು! ಸಾಲು ಬದಲಿಸಿ ಯುಟಿಎಫ್8ಎಂಬಿ4 ಎಂದು ಬರೆದೆ. ಪ್ರಶ್ನೆಗಳೆಲ್ಲ ಕರಗಿ ಪುಸ್ತಕಗಳು ಬಂದು ನಿಂತವು. ಒಳಗಿನ ಅಕ್ಷರಕ್ಕೆ ಏನೂ ಆಗಿರಲಿಲ್ಲ, ತೋರಿಸುವಾಗಷ್ಟೇ ಹಾಗಾಗುತ್ತಿತ್ತು. ನನಗೆ ಸಂತೋಷವಾಗಬೇಕಿತ್ತು. ಆದರೆ ನೋಟ್‌ಬುಕ್ಕಿನ ಗತಿ?

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಸುಖಾಂತ ನಾಟಕ. ಆದರೆ ಇನ್ನೊಂದು ಪಟ್ಟಿಯಿತ್ತು, ಪುಸ್ತಕ ದಾನ ಕೊಟ್ಟವರದು. ಅದನ್ನು ಹೊಸ ಕಂಪ್ಯೂಟರಿನಲ್ಲೇ ಹೊಸದಾಗಿ ಟೈಪು ಮಾಡಿದ್ದೆವು. ಸರ್ವರಿನ ಪಾಲಿನ ಸಾಲಿನಲ್ಲೂ ಲ್ಯಾಟಿನ್1 ಇದ್ದುದರಿಂದ ಆ ಟೇಬಲ್ಲು ಹುಟ್ಟಿದ್ದೇ ಲ್ಯಾಟಿನ್ನಿನಲ್ಲಿ. ಸಾಮಾನ್ಯವಾಗಿ ಇಂಥ ಕಡೆ ಕನ್ನಡ ತುರುಕಿದರೆ ಸರ್ವರು 1366 ಎಂಬ ನಂಬರಿನ ದೂರು ಹೇಳಿ, ಹಿಡಿಸುವುದಿಲ್ಲ ಎಂದು ವಾಪಸು ಕಳಿಸುತ್ತದೆ. ಆ ಕಟ್ಟುನಿಟ್ಟು ಕಿರಿಕಿರಿ ಎಂದು ಹಿಂದೆ ಯಾರೋ ಅದನ್ನು ಫೈಲಿನಲ್ಲಿ ಖಾಲಿ ಮಾಡಿಟ್ಟಿದ್ದರು. ಆದ್ದರಿಂದ ಸರ್ವರು ಒಂದು ಹೆಸರನ್ನೂ ಬೇಡವೆನ್ನಲಿಲ್ಲ. ಎಲ್ಲವನ್ನೂ ತೆಗೆದುಕೊಂಡಿತು, 'ಸೇವ್ ಆಗಿದೆ' ಎಂದಿತು, ಒಳಗೆ ಪ್ರಶ್ನೆ ಚಿಹ್ನೆ ಬರೆದಿಟ್ಟುಕೊಂಡಿತು. ಇವು ಸಾಲು ಬದಲಿಸಿದರೆ ಕರಗುವ ಪ್ರಶ್ನೆಗಳಲ್ಲ.

"ದಾನಿಗಳ ರಿಜಿಸ್ಟರು ಕೊಡಿ ಸಾರ್" ಅಂದೆ. "ಅದನ್ನು ಹಳೇ ಪೇಪರಿನವನಿಗೆ ಹಾಕಿದೆವಲ್ಲ ಮೇಡಂ, ಕಂಪ್ಯೂಟರು ಬಂತಲ್ಲ" ಅಂದರು ಕಾರ್ಯದರ್ಶಿಗಳು. ಎಷ್ಟು ಕೆಜಿ ಬಂತು ಎಂಬುದು ಮಾತ್ರ ಅವರಿಗೆ ಚೆನ್ನಾಗಿ ನೆನಪಿತ್ತು. ಸಿಟ್ಟು ನೆತ್ತಿಗೇರಿತು. ತೀರಿಕೊಂಡ ಮೇಷ್ಟರೊಬ್ಬರ ಕಪಾಟನ್ನು ಅವರ ಹೆಂಡತಿ ಆಟೋದಲ್ಲಿ ಹೇರಿಸಿ ಕಳಿಸಿದ್ದರು. ಮನೆ ಖಾಲಿ ಮಾಡಿಕೊಂಡು ಊರು ಬಿಟ್ಟವರೊಬ್ಬರು ಮಗಳ ಕತೆ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಾಗಿಲಿಗೆ ಇಟ್ಟು ಹೋಗಿದ್ದರು. ಐದು ಪ್ರಶ್ನೆ ಕಂಡಾಗ ಕಾರಂತರೋ ಕಂಬಾರರೋ ಎಂದು ಆಡಲು ಆಗಿದ್ದು, ಅವರ ಹೆಸರು ನಾಡಿಗೇ ಬಾಯಿಪಾಠವಾಗಿದ್ದರಿಂದ. ಈ ಹೆಸರುಗಳು ಆ ರಿಜಿಸ್ಟರು ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ನೋಟ್‌ಬುಕ್ಕು ತೆರೆದು ಎಣಿಸಿದೆ. ಒಂಬತ್ತು ಪ್ರಶ್ನೆ, ಹನ್ನೊಂದು ಪ್ರಶ್ನೆ. ಎಣಿಸಿ ಏನು ಮಾಡಲಿ?

ಈಗ ಯಜಮಾನರೂ ನಾನೂ ಸಂಜೆ ಹೊತ್ತು ವಾಚನಾಲಯಕ್ಕೆ ಹೋಗಿ ಒಂದೊಂದೇ ಪುಸ್ತಕದ ಮೊದಲ ಪುಟ ತೆರೆಯುತ್ತೇವೆ. ಕೆಲವರು ಹೆಸರು, ಊರು, ತಾರೀಖು ಎಲ್ಲ ಬರೆದು ಕೊಟ್ಟಿದ್ದಾರೆ. ಕೆಲವರು 'ಅಮ್ಮನ ನೆನಪಿಗೆ' ಎಂದಷ್ಟೇ ಬರೆದಿದ್ದಾರೆ, ಯಾರ ಅಮ್ಮ ಎಂದು ಬರೆದಿಲ್ಲ. ಅದನ್ನೂ ಹಾಗೆಯೇ ಟೈಪು ಮಾಡುತ್ತಿದ್ದೇನೆ.

ಮೊನ್ನೆ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನು ವರದಿ ಒಪ್ಪಿಸಿದೆ. ಸರ್ವರಿನ ಕಟ್ಟುನಿಟ್ಟನ್ನು ಮತ್ತೆ ಜಾರಿಗೆ ತಂದಿದ್ದೇನೆ, ಇನ್ನು ಮುಂದೆ ಅದು ತನಗೆ ಆಗದ್ದನ್ನು ಆಗುವುದಿಲ್ಲ ಎಂದು ಮುಖಕ್ಕೆ ಹೇಳುತ್ತದೆ, ಎಲ್ಲದಕ್ಕೂ ಹೂಂ ಅಂದು ಒಳಗೊಳಗೇ ಅಳಿಸಿಹಾಕುವುದಿಲ್ಲ ಎಂದೆ. ಎಲ್ಲರೂ ಮೇಜು ತಟ್ಟಿದರು. ಆ ಉತ್ಸಾಹದಲ್ಲಿ, ಇದೇ ನಿಯಮವನ್ನು ಸಮಿತಿಯ ಸದಸ್ಯರಿಗೂ ಅನ್ವಯಿಸಬಹುದು ಎಂದೂ ಸೂಚಿಸಿದೆ.

ಕಾರ್ಯದರ್ಶಿಗಳು ಕೆಮ್ಮಿದರು. "ಅದಕ್ಕೆ ಬೈಲಾ ತಿದ್ದುಪಡಿ ಆಗಬೇಕಾಗುತ್ತೆ ಮೇಡಂ."

"ಬೈಲಾ ಕೊಡಿ ಸಾರ್, ನೋಡ್ತೀನಿ."

"ಅದೂ ಆ ರಿಜಿಸ್ಟರಿನ ಜೊತೆಗೇ ಇತ್ತು" ಅಂದರು.