ಆರ್ಯಮೌನ ಮುರಿದ ಷಡ್ಡಕರು

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಈ ಗಾದೆ ಕೇಳಿದವರೆಲ್ಲ ಒದೆಸಿಕೊಂಡವನ ಮೇಲೆ ಕನಿಕರಪಡುತ್ತಾರೆ. ಒದ್ದವನಿಗೆ ಏನು ಕಷ್ಟವಿತ್ತೋ ಯಾರೂ ವಿಚಾರಿಸುವುದಿಲ್ಲ. ನಾನು ಒದ್ದವನ ಪಕ್ಷ. ಇನ್ನೂ ಕಾಲು ಎತ್ತಿಲ್ಲ, ಅಷ್ಟೆ. ನನಗೆ ಇದ್ದದ್ದು ಇದ್ದ ಹಾಗೆ ಹೇಳುವವರು ನನ್ನ ಹೆಂಡತಿಯ ಅಕ್ಕನ ಗಂಡ.

ನಮ್ಮ ಷಡ್ಡಕರು ಬ್ಯಾಂಕಿನಿಂದ ನಿವೃತ್ತರಾಗುವವರೆಗೂ ಎಲ್ಲರಂತೆ ನಾಲ್ಕು ಸುಳ್ಳು ಹೇಳಿಕೊಂಡು ಸುಖವಾಗಿದ್ದರು. ಆಮೇಲೆ ವಿಪಶ್ಯನಕ್ಕೆ ಹೋಗಿಬಂದರು. ಗೋಯೆಂಕಾ ಅವರ ಪದ್ಧತಿಯ 10 ದಿನದ ಧ್ಯಾನ ಶಿಬಿರ. ಬೆಳಗಿನ 4ಕ್ಕೆ ಗಂಟೆ. ಫೋನಿಲ್ಲ, ಮಾತಿಲ್ಲ, ಫೀಸೂ ಇಲ್ಲ. ಸುಳ್ಳಾಡುವುದಿಲ್ಲ ಎಂಬ ಶೀಲವನ್ನು ಮೊದಲೇ ಸ್ವೀಕರಿಸಬೇಕು. ಅದನ್ನು ಪಾಲಿಸುವುದು ಸುಲಭವಾಗಲೆಂದೇ ಆರ್ಯಮೌನ. ಬಾಯಿ ಮುಚ್ಚಿದವನು ಸುಳ್ಳು ಹೇಳುವುದಾದರೂ ಹೇಗೆ? 10ನೇ ದಿನ ಮೌನ ಮುರಿಯಲು ಬಿಡುತ್ತಾರೆ. ನಮ್ಮ ಷಡ್ಡಕರು ಅಂದು ಮುರಿಯಲು ಶುರುಮಾಡಿದವರು ಇನ್ನೂ ನಿಲ್ಲಿಸಿಲ್ಲ.

ಫೋನ್ ಮಾಡಿದರೆ, "ಬಿಡುವಾಗಿಯೇ ಇದ್ದೀನಿ, ನಿಮ್ಮ ಹತ್ರ ಮಾತಾಡೋ ಮನಸ್ಸಿಲ್ಲ" ಎನ್ನುತ್ತಾರೆ. ಗೃಹಪ್ರವೇಶಕ್ಕೆ ಕರೆದರೆ ಮನೆಯೆಲ್ಲ ಸುತ್ತಿ, "ಇಷ್ಟು ಸಾಲ ಇದಕ್ಕಾ?" ಎಂದು ಕೇಳುತ್ತಾರೆ. ಇಷ್ಟು ನಿಜವಂತರ ತಲೆಯಲ್ಲಿ ಒಂದೂ ಬಿಳಿಗೂದಲು ಕಾಣದಿರುವುದು ಹೇಗೆಂದು ಮಾತ್ರ ನಾವು ಕೇಳಬಾರದು.

ಶಿಬಿರದ ಜೊತೆಗೆ ಮೈಂಡ್‌ಫುಲ್‌ನೆಸ್ ಎಂಬ ಆನ್‌ಲೈನ್ ಕೋರ್ಸ್ ಬೇರೆ ಆಯಿತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಝಿನ್ ಎಂಬವರು, ದೀರ್ಘಕಾಲದ ನೋವಿನಿಂದ ನರಳುವ ರೋಗಿಗಳಿಗೆ ಅನುಕೂಲವಾಗಲೆಂದು ಇಂಥದ್ದೊಂದು ತರಬೇತಿ ಆರಂಭಿಸಿದರು. ಅದರಲ್ಲಿ ಒಣದ್ರಾಕ್ಷಿಯ ಪಾಠ ಪ್ರಸಿದ್ಧ. ಒಂದೇ ಒಂದು ದ್ರಾಕ್ಷಿಯನ್ನು ನೋಡಬೇಕು, ಮುಟ್ಟಬೇಕು, ಮೂಸಬೇಕು, ಕಿವಿಯ ಹತ್ತಿರ ಹಿಡಿಯಬೇಕು, ಕೊನೆಗೆ ನಿಧಾನವಾಗಿ ಅಗಿಯಬೇಕು. ಕಬಟ್-ಝಿನ್ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವರು ನಮ್ಮ ಛತ್ರದ ಊಟದ ಹಾಲ್ ನೋಡಿ ಈ ಪಾಠ ಬರೆದವರಲ್ಲ.

ಮೈಸೂರಿನಲ್ಲಿ ನಮ್ಮವರದೇ ಒಂದು ಮದುವೆ. ಎರಡನೇ ಪಂಕ್ತಿ. ಹುಡುಗಿಯ ತಂದೆ ಪದ್ಧತಿಯಂತೆ ಕೈಮುಗಿದು, "ಊಟ ಸಾವಕಾಶವಾಗಿ ಆಗಲಿ" ಎಂದು ಹೇಳಿಹೋದರು. ಬೇಗ ಏಳಿ ಎಂದು ಹೇಳಲಾಗದೆ ನಾವು ಆಡುವ ಮಾತದು. ಷಡ್ಡಕರು ಅದನ್ನು ನಂಬಿದರು. ಮಜ್ಜಿಗೆಯೂ ಬಂದುಹೋಯಿತು, ಅಕ್ಕಪಕ್ಕದವರು ಕೈತೊಳೆಯಲು ಎದ್ದರು, ಇವರು ಪಾಯಸದಿಂದ ಒಂದು ದ್ರಾಕ್ಷಿ ಎತ್ತಿ ಬೆಳಕಿಗೆ ಹಿಡಿದರು. ಹಿಂದೆ ಮೂರನೇ ಪಂಕ್ತಿಯವರು ಆಗಲೇ ಕುರ್ಚಿ ಹಿಡಿದು ನಿಂತಿದ್ದರು. ಅವರಲ್ಲೊಬ್ಬ ಅಜ್ಜಿ, "ಶುಗರ್ ಮಾತ್ರೆ ನುಂಗಿಬಿಟ್ಟಿದೀನಪ್ಪಾ" ಎಂದರು. ಎಲೆ ಎತ್ತುವ ಹುಡುಗ ಮೇಜಿನ ಪೇಪರನ್ನು ಆ ತುದಿಯಿಂದ ಸುತ್ತುತ್ತ ಬಂದು ಇವರ ಎಲೆಯ ಹತ್ತಿರ ನಿಂತ. ದ್ರಾಕ್ಷಿ ಕಿವಿಯ ಹತ್ತಿರ ಹೋಯಿತು.

"ಏನಂತೆ ಸಾರ್?" ಎಂದು ಆ ಹುಡುಗ ನಿಜವಾದ ಕುತೂಹಲದಿಂದಲೇ ಕೇಳಿದ.

ಅಷ್ಟರಲ್ಲಿ ಗಾಬರಿಯಾಗಿ ಓಡಿಬಂದ ಹುಡುಗಿಯ ತಂದೆ, "ಊಟ ಹೇಗಿತ್ತು?" ಎಂದುಬಿಟ್ಟರು. ಷಡ್ಡಕರು ಕಣ್ಣು ತೆರೆದರು. "ಹುಳಿಗೆ ಉಪ್ಪು ಸಾಲದು. ಹೋಳಿಗೆ ನಿನ್ನೇದು. ದ್ರಾಕ್ಷಿ ಚೆನ್ನಾಗಿದೆ."

ವಾಪಸು ಬರುವಾಗ ಕಾರಿನಲ್ಲಿ ನಾನು ಬೌದ್ಧ ಗ್ರಂಥ ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದ ವಿಷಯ ತೆಗೆದೆ. ಮಾತು ನಿಜವಿದ್ದರೂ ಅದರಿಂದ ಹಿತವಿಲ್ಲದಿದ್ದರೆ ಬುದ್ಧ ಆಡುವುದಿಲ್ಲ. ನಿಜವೂ ಹಿತವೂ ಆದ ಕಟುಮಾತಿಗೂ ಹೊತ್ತು ನೋಡುತ್ತಾನೆ. ಷಡ್ಡಕರು ಗಮನವಿಟ್ಟು ಕೇಳಿದರು. "ಇದನ್ನ ನೀವು ಓದಿದ್ದು ನನಗೆ ಹೇಳೋಕೋಸ್ಕರ ಅಲ್ವಾ?" ಎಂದರು. ಹೌದು, ಅದಕ್ಕೇ ಓದಿದ್ದೆ.

ನನಗೆ ನುಂಗಲಾಗದ ಸಂಗತಿ ಇನ್ನೊಂದಿದೆ. ನಮ್ಮ ಕಡೆಯ ಹುಡುಗಿಯೊಬ್ಬಳನ್ನು ನೋಡಲು ಗಂಡಿನವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು, ಎರಡೂ ಕಡೆ ಹೊಗಳಿಕೆ. ನಾನಂತೂ ಹುಡುಗನ ಕಂಪನಿಯನ್ನೂ ಹೊಗಳಿದೆ. ಷಡ್ಡಕರು ಹುಡುಗನನ್ನು ಮೆತ್ತಗೆ, "ನಿನಗೆ ಈ ಮದುವೆ ಇಷ್ಟಾನಾ, ಅಮ್ಮನ ಬಲವಂತಾನಾ?" ಎಂದು ಕೇಳಿದರು. ಹುಡುಗ ತಟ್ಟೆ ನೋಡುತ್ತಾ ಕೂತು, "ಬಲವಂತ" ಎಂದ. ಅವತ್ತು ಮನೆಯವರೆಲ್ಲ ಷಡ್ಡಕರನ್ನು ಶಪಿಸಿದರು. ಆ ಹುಡುಗಿ ಈಗ ಬೇರೊಬ್ಬನನ್ನು ಮದುವೆಯಾಗಿ ಚೆನ್ನಾಗಿದ್ದಾಳೆ. ಹಬ್ಬಕ್ಕೆ ಬಂದರೆ ಮೊದಲು ಅವರ ಕಾಲಿಗೆ ಬೀಳುತ್ತಾಳೆ. ನನಗೆ ದೂರದಿಂದ ನಮಸ್ಕಾರ.

ನನ್ನ ಹೆಂಡತಿ ಕೂಡ ಸೀರೆ ತಂದರೆ ಫೋಟೋ ಕಳಿಸುವುದು ಭಾವನಿಗೇ. "ನಿಮ್ಮನ್ನ ಕೇಳಿದ್ರೆ ಚೆನ್ನಾಗಿದೆ ಅಂತೀರಿ" ಎನ್ನುತ್ತಾಳೆ. ಮೂವತ್ತು ವರ್ಷ ನಾನು ಪ್ರೀತಿಯಿಂದಲೇ ಹೇಳಿಕೊಂಡು ಬಂದ 'ಚೆನ್ನಾಗಿದೆ' ಸವಕಲು ನಾಣ್ಯವಾಗಿ ಕೂತಿದೆ. ನಿಜಕ್ಕೂ ಚೆನ್ನಾಗಿರುವ ಸೀರೆ ಬಂದಾಗಲೂ ನನ್ನ ಹತ್ತಿರ ಇರುವುದು ಅದೊಂದೇ.

ನಿಮ್ಮ ಬಂಧುಬಳಗದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೆಣ್ಣು-ಗಂಡು ನೋಡುವ ದಿನ ತಪ್ಪದೆ ಕರೆಸಿ. ಮದುವೆಯ ದಿನ ಮಾತ್ರ ಕೊನೆಯ ಪಂಕ್ತಿಯಲ್ಲಿ ಕೂರಿಸಿ. ಪಾಯಸಕ್ಕೆ ದ್ರಾಕ್ಷಿ ಹಾಕಬೇಡಿ ಎಂದು ಅಡುಗೆಯವರಿಗೆ ಮೊದಲೇ ಹೇಳಿಡಿ.