ಅವಿಭಕ್ತ ಫೋಲ್ಡರ್ ಮೀಮಾಂಸೆ

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಕಲಬುರಗಿ ಸೀಮೆಯ ಮರತೂರಿನವನೆಂದು ಇಲ್ಲಿಯ ಜನರು ಅಭಿಮಾನದಿಂದ ಹೇಳಿಕೊಳ್ಳುವರಾದರೂ, ಆ ಮಹಾನುಭಾವನು ಕಮಲಾಪುರದ ಪ್ರೌಢಶಾಲೆಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಉದ್ಭವಿಸಲಿದ್ದ ವ್ಯಾಜ್ಯವನ್ನು ಮುಂಗಂಡೇ ಆ ಗ್ರಂಥವನ್ನು ಬರೆದನೆಂಬ ಪರಮರಹಸ್ಯವು ಇದುವರೆಗೆ ಯಾವ ಪಂಡಿತರ ಲಕ್ಷ್ಯಕ್ಕೂ ಬಾರದಿರುವುದು ವಿಷಾದಕರವು.

ಊರಿನ ಹೆಸರಾಂತ ಕೆಂಪು ಬಾಳೆಯನ್ನು ಕುರಿತು ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಸಚಿತ್ರವಾಗಿ ಸಿದ್ಧಪಡಿಸಿ ಸರ್ವರಿಗೂ ತೆರೆದ ಫೋಲ್ಡರಿನಲ್ಲಿ ಇರಿಸಿದ್ದ ಪ್ರಾಜೆಕ್ಟು ಮರುದಿನ ಅದೃಶ್ಯವಾಗಲು, ವಿಚಾರಣೆಗೆ ತೊಡಗಿದ ಗುರುಗಳಿಗೆ ಇಡೀ ತರಗತಿಯಿಂದ ದೊರೆತುದು ‘ನಾ ಮುಟ್ಟಿಲ್ರೀ ಸರ್, ತಾನೇ ಹೋಗ್ಯಾದ’ ಎಂಬ ಏಕರೂಪ ಸಾಕ್ಷ್ಯ. ಎಲ್ಲರೂ ಗೋಡೆಯ ಮೇಲೆ ಬರೆದಿಟ್ಟ ಒಂದೇ ಪಾಸ್‌ವರ್ಡಿನಿಂದ ಪ್ರವೇಶಿಸುವವರಾದುದರಿಂದ ಯಂತ್ರದ ದಾಖಲೆಯೂ ‘ಸ್ಟೂಡೆಂಟ್’ ಎಂಬ ಅಪೌರುಷೇಯ ವ್ಯಕ್ತಿಯನ್ನೇ ಹೆಸರಿಸಿತು.

ಮಿತಾಕ್ಷರದಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವು; ಬಂಗಾಳದ ಜೀಮೂತವಾಹನನ ದಾಯಭಾಗದಲ್ಲಾದರೋ ತಂದೆಯ ಮರಣಾನಂತರವೇ. ಈ ಎರಡನೆಯ ಪಕ್ಷವನ್ನು ಹಿಡಿದರೆ ಕಂಪ್ಯೂಟರ್ ಶಿಕ್ಷಕರು ನಿವೃತ್ತರಾಗುವ ತನಕ ಮಕ್ಕಳು ಫೋಲ್ಡರನ್ನು ತೆರೆಯುವಂತಿಲ್ಲವಾದುದರಿಂದ ಅದನ್ನು ಇಲ್ಲಿಯೇ ಕೈಬಿಡತಕ್ಕದ್ದು. ಅವಿಭಕ್ತ ಸ್ವತ್ತನ್ನು ಅನುಭವಿಸುವ ಹಕ್ಕು ಬೇರೆ, ಒಬ್ಬನೇ ಸ್ವೇಚ್ಛೆಯಿಂದ ಪರಭಾರೆ ಮಾಡುವ ಹಕ್ಕು ಬೇರೆ. ಲಿನಕ್ಸ್ ಮತದಲ್ಲಿ ಈ ವಿವೇಕವು ಮೊದಲಿಗೆ ತಲೆಕೆಳಗಾಗಿ ತೋರುವುದು: ಫೈಲಿನ ಒಂದಕ್ಷರವನ್ನೂ ತಿದ್ದಲಾಗದವನು, ಫೋಲ್ಡರನ್ನು ಪ್ರವೇಶಿಸುವ ಮತ್ತು ಅದರಲ್ಲಿ ಬರೆಯುವ ಅನುಮತಿಗಳಿದ್ದರೆ, ಆ ಫೈಲನ್ನೇ ಸಮೂಲವಾಗಿ ಅಳಿಸಬಲ್ಲನು! ಈ ಅನರ್ಥದ ನಿವಾರಣೆಗಾಗಿ ಫೋಲ್ಡರಿಗೆ ‘ಸ್ಟಿಕಿ ಬಿಟ್’ ಎಂಬ ಮುದ್ರೆಯನ್ನು ಒತ್ತಿದರೆ, ಫೈಲಿನ ಒಡೆಯನೂ ಫೋಲ್ಡರಿನ ಒಡೆಯನೂ ಕುಟುಂಬದ ಕರ್ತೃಸ್ಥಾನದಲ್ಲಿರುವ ‘ರೂಟ್’ ಮಹಾಶಯನೂ ಹೊರತಾಗಿ ಮತ್ತಾರೂ ಅಳಿಸಲಾರರು. ವಿಂಡೋಸ್ ಸಂಪ್ರದಾಯದವರು ಅಳಿಸುವ ಅನುಮತಿಯನ್ನೇ ಪ್ರತ್ಯೇಕವಾಗಿ ಎಣಿಸುವರು. ಆದರೆ ಅಲ್ಲಿ ನೆಟ್‌ವರ್ಕಿನ ಮೂಲಕ ಅಳಿಸಿದ ಫೈಲು ಸಾಮಾನ್ಯವಾಗಿ ರಿಸೈಕಲ್ ಬಿನ್ನೆಂಬ ಪಿತೃಲೋಕವನ್ನು ಮುಟ್ಟದೆ ನೇರವಾಗಿ ಮೋಕ್ಷವನ್ನೈದುವುದು.

ಆಂಟಿವೈರಸ್ ಇದೆಯಲ್ಲವೇ ಎಂದು ಪೂರ್ವಪಕ್ಷಿಗಳು ಕೇಳುವರು. ಕಲಬುರಗಿ ಕೋಟೆಯ ಕಂದಕವೂ ಬಾರಾಗಜಿ ತೋಪೆಂಬ ಫಿರಂಗಿಯೂ ಹೊರಗಿನ ಶತ್ರುವಿಗಾಗಿ. ನಮ್ಮ ಶತ್ರುವಾದರೋ ಎರಡನೆಯ ಬೆಂಚಿನಲ್ಲಿ ಕುಳಿತು ಮೂಗು ಒರೆಸಿಕೊಳ್ಳುತ್ತಿರುವನು. ಆದುದರಿಂದ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಕೊಡತಕ್ಕದ್ದೆಂದೂ, ವಾರಕ್ಕೊಮ್ಮೆ ಎಲ್ಲದರ ಪ್ರತಿಯನ್ನು ತೆಗೆದು ಕಲಬುರಗಿಗೆ ಬಸ್ಸಿನಲ್ಲಿ ಕಳುಹಿಸತಕ್ಕದ್ದೆಂದೂ ಸಿದ್ಧಾಂತವಾಯಿತು.

ಈ ನಡುವೆ ಬಾಲಕಿಯು ‘ನನ್ನ ಪೆನ್‌ಡ್ರೈವ್‌ನಾಗ ಇನ್ನೊಂದು ಅದರೀ ಸರ್’ ಎಂದಿರುವಳು. ಆ ಪ್ರತಿಯು ಸ್ವಯಾರ್ಜಿತವೋ ಅವಿಭಕ್ತವೋ ಎಂಬುದು ನಿರ್ಣಯವಾಗುವ ತನಕ ಅದನ್ನು ಫೋಲ್ಡರಿಗೆ ಮರಳಿ ಸೇರಿಸುವ ಕಾರ್ಯವನ್ನು ತಡೆಹಿಡಿಯಲಾಗಿದೆ.